ವೀ ವಾಸ್ ವೀ: ಆರು ವರ್ಷ ಬಳಸಿದ ಮೇಲೆ

ನಮ್ಮತ್ತೆ ಡಚ್ಚರು. ತವರು ಫ್ರೀಸ್‌ಲಾಂಡ್ ಪ್ರಾಂತ್ಯದ ಖೊರೆಡೈಕ್ ಕಡೆ. ಅವರ ಮುತ್ತಜ್ಜ ಜೌಗು ನೆಲದಲ್ಲಿ ಪೀಟ್ ಅಗೆಯುವ ಕೂಲಿ. ಒಣಗಿಸಿ ಒಲೆಗೆ ಹಾಕುತ್ತಿದ್ದರಲ್ಲ, ಆ ಮಣ್ಣು. ಹೊಲ ಇಲ್ಲ, ಮನೆ ಇಲ್ಲ, ಫೋಟೋ ಇಲ್ಲ. ಇಂಥವನ ಬಗ್ಗೆ ಏನು ಸಿಗುತ್ತೆ ಅಂತ ಅತ್ತೆಯೇ ಕೇಳಿದ್ದರು. ತುಂಬಾ ಸಿಕ್ಕಿತು.

ವೀ ವಾಸ್ ವೀ ಅಂದರೆ 'ಯಾರು ಯಾರಾಗಿದ್ದರು' ಅಂತ. ನೆದರ್‌ಲ್ಯಾಂಡ್ಸ್‌ನ ಹಳೆಯ ಹುಟ್ಟು, ಮದುವೆ, ಸಾವಿನ ದಾಖಲೆ ಹುಡುಕುವ ಸೈಟ್. ನಡೆಸುವುದು ಹೇಗ್ ನಗರದ ಸಿಬಿಜಿ ಅನ್ನೋ ವಂಶಾವಳಿ ಸಂಸ್ಥೆ. ಹೆಸರು ಹಾಕಿ ಹುಡುಕುವುದಕ್ಕೆ ದುಡ್ಡಿಲ್ಲ. ಜಾಸ್ತಿ ಸೌಲಭ್ಯ ಬೇಕಾದವರಿಗೆ ಚಂದಾ ಇದೆ, ನಾನು ಈವರೆಗೂ ಕಟ್ಟಿಲ್ಲ. ಇಂಗ್ಲಿಷ್‌ನಲ್ಲೂ ಇದೆ, ಆದರೆ ದಾಖಲೆಗಳೆಲ್ಲ ಡಚ್‌ನಲ್ಲೇ. ಇಪ್ಪತ್ತು ಮೂವತ್ತು ಪದ ಕಲಿತರೆ ಸಾಕು, ಒಕ್ಕಣೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

1811ರಲ್ಲಿ ನೆಪೋಲಿಯನ್ ಆಳ್ವಿಕೆಯಲ್ಲಿ ಹುಟ್ಟು, ಮದುವೆ, ಸಾವನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸುವ ಪದ್ಧತಿ ದೇಶದ ಹೆಚ್ಚಿನ ಕಡೆ ಬಂತು. ಕೂಲಿಯವನಿಗೂ ಶ್ರೀಮಂತನಿಗೂ ಒಂದೇ ಪುಸ್ತಕ. ಹೆಂಗಸರನ್ನು ಸಾಯುವವರೆಗೂ ತವರಿನ ಹೆಸರಿನಲ್ಲೇ ಬರೆದಿರುತ್ತಾರೆ. ಹಾಗಾಗಿ ಅಜ್ಜಿಯರ ಕಡೆಯೂ ಹಿಂದೆ ಹೋಗಬಹುದು. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಒಂದು ಕಿವಿಮಾತು. ಸೈಟ್‌ನಲ್ಲಿ ಹೆಸರು ಕಂಡ ಕೂಡಲೇ ನಿಲ್ಲಬೇಡಿ, ಮೂಲ ಪುಟದ ಸ್ಕ್ಯಾನ್ ತೆರೆದು ಓದಿ. ಮುತ್ತಜ್ಜನ ಹೆಸರಿಗೆ ನನಗೆ ಎರಡು ಜನನ ದಾಖಲೆ ಸಿಕ್ಕವು, 1829 ಮತ್ತು 1831. ಅದೇ ಅಪ್ಪ, ಅದೇ ಅಮ್ಮ. ದುಡ್ಡು ಕಟ್ಟಿ ನೋಡಿದ ಬೇರೊಂದು ಸೈಟ್‌ನ ವಂಶವೃಕ್ಷದಲ್ಲಿ ಅವನು ಹುಟ್ಟಿದ್ದು 1829 ಅಂತಲೇ ಇತ್ತು. ನಾನೂ ಒಂದು ವರ್ಷ ಅದನ್ನೇ ನಂಬಿದ್ದೆ. ಆಮೇಲೆ 1830ರ ಒಂದು ಮರಣ ದಾಖಲೆ ಸಿಕ್ಕಿತು. ಮೊದಲ ಮಗು ಹತ್ತು ತಿಂಗಳಿಗೇ ಹೋಗಿಬಿಟ್ಟಿತ್ತು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಇಲ್ಲಿ ರೂಢಿ. ಅತ್ತೆ ಆ ಪುಟವನ್ನು ಎರಡು ಸಲ ಓದಿದರು. ಇಂಥ ಮಗು ಒಂದಿತ್ತು ಅಂತ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದುವೆ ದಾಖಲೆಗಿಂತ ಅದರ ಜೊತೆ ಇಟ್ಟಿರುವ ಕಾಗದಗಳು ಇನ್ನೂ ಬೆಲೆಯುಳ್ಳವು. ಮುತ್ತಜ್ಜನ 1857ರ ಮದುವೆಯ ಕಟ್ಟಿನಲ್ಲಿ ಸೈನ್ಯದ ಭರ್ತಿಗೆ ಕೊಟ್ಟ ಪತ್ರ ಇತ್ತು. ಎತ್ತರ 1 ಎಲ್, 6 ಪಾಲ್ಮ್, 8 ಡೌಮ್. ಅಂದರೆ 168 ಸೆಂಟಿಮೀಟರ್. ಉದ್ದ ಮುಖ, ನೀಲಿ ಕಣ್ಣು, ಗುಂಡನೆಯ ಗಲ್ಲ. ಫೋಟೋ ಇಲ್ಲದ ಮನುಷ್ಯ ಎದುರು ಬಂದು ನಿಂತ ಹಾಗಾಯಿತು! ಈ ಕಾಗದಗಳ ಸ್ಕ್ಯಾನ್ ನನಗೆ ಸಿಕ್ಕಿದ್ದು ಫ್ಯಾಮಿಲಿಸರ್ಚ್ ಅನ್ನೋ ಇನ್ನೊಂದು ವಂಶಾವಳಿ ಸೈಟ್‌ನಲ್ಲಿ, ಅದೂ ಉಚಿತ.

ಹೆಸರು ಸಿಗದಿದ್ದರೆ ಮೊದಲ ಮೂರ್ನಾಲ್ಕು ಅಕ್ಷರ ಹಾಕಿ ನಕ್ಷತ್ರ ಚಿಹ್ನೆ ಸೇರಿಸಿ. ಒಂದೇ ಮನೆಯವರ ಹೆಸರನ್ನು ಮೂರು ಗುಮಾಸ್ತರು ಮೂರು ಥರ ಬರೆದಿರುತ್ತಾರೆ. ಹತ್ತಿರದ ಕಾಲದವರನ್ನು ಹುಡುಕುವವರು ಇದನ್ನೂ ನೆನಪಿಡಿ: ಜನನ ದಾಖಲೆ 100 ವರ್ಷ, ಮದುವೆ 75, ಮರಣ 50 ವರ್ಷ ಕಳೆದ ಮೇಲೇ ಎಲ್ಲರಿಗೂ ಸಿಗುವುದು.

1811ಕ್ಕಿಂತ ಹಿಂದೆ ಹೋದರೆ ಕಷ್ಟ. ಆಗ ಫ್ರೀಸ್‌ಲಾಂಡ್‌ನಲ್ಲಿ ಬಹಳ ಜನರಿಗೆ ಮನೆತನದ ಹೆಸರೇ ಇರಲಿಲ್ಲ. ಯಾನ್‌ನ ಮಗ ಪೀಟರ್ ಆದರೆ ಪೀಟರ್ ಯಾನ್ಸ್, ಅಷ್ಟೇ. ನಮ್ಮ ಕಡೆ ಅಪ್ಪನ ಹೆಸರನ್ನು ಜೊತೆಗೆ ಸೇರಿಸ್ತೀವಲ್ವಾ, ಹಾಗೆ. ಅದಕ್ಕೇ ನನಗೆ ಇದು ಬೇಗ ಅರ್ಥವಾಯಿತು. ಊರಲ್ಲಿ ಐದು ಪೀಟರ್ ಯಾನ್ಸ್ ಇದ್ದರೆ ಮಾತ್ರ ತಲೆ ಕೆಡುತ್ತೆ. ಅಲ್ಲಿಂದಾಚೆ ಚರ್ಚಿನ ಪುಸ್ತಕಗಳೇ ಗತಿ. ಅತ್ತೆಯ ಒಬ್ಬ ಅಜ್ಜಿಯ ಕಡೆಯವರು ಮೆನ್ನೊನೈಟ್ ಪಂಥದವರು. ಅವರಲ್ಲಿ ದೀಕ್ಷಾಸ್ನಾನ ದೊಡ್ಡವರಾದ ಮೇಲೆ, ಹಾಗಾಗಿ ಮಗು ಹುಟ್ಟಿದ ಸುದ್ದಿ ಆ ಪುಸ್ತಕದಲ್ಲಿ ಇಲ್ಲ. ಆ ಕೊಂಬೆ 1780ರ ಸುಮಾರಿಗೆ ನಿಂತಿದೆ. ಬೇಸಿಗೆಯಲ್ಲಿ ಅತ್ತೆಯನ್ನು ಕರೆದುಕೊಂಡು ಲೇವಾರ್ಡನ್‌ನ ಟ್ರೆಸೋವಾರ್ ಪತ್ರಾಗಾರಕ್ಕೆ ಹೋಗಬೇಕು ಅಂತಿದ್ದೀವಿ.