ಅಂಕಪಟ್ಟಿ ತಿದ್ದಬೇಕೋ, ಬಂಧನವನ್ನೇ ತಪ್ಪಿಸಬೇಕೋ?

ಅಮೆರಿಕದಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ಎಷ್ಟೋ ಜಾಸ್ತಿ ಬಂಧನಕ್ಕೆ ಒಳಗಾಗುತ್ತಾರೆ. ಈ ಅಂತರ ತಗ್ಗಿಸಲು ನಿಮ್ಮ ಕೌಂಟಿ (ಅಲ್ಲಿನ ಜಿಲ್ಲೆಯಂಥ ಆಡಳಿತ ಘಟಕ) ಎಲ್ಲಿಂದ ಶುರು ಮಾಡಬೇಕು?

ಒರೆಗಾನ್‌ನ ಮಲ್ಟ್ನೋಮಾ ಕೌಂಟಿ 1990ರ ದಶಕದಲ್ಲಿ, ಪೊಲೀಸರು ಹಿಡಿದು ತಂದ ಮಗುವನ್ನು ಒಳಗಿಡಬೇಕೋ ಮನೆಗೆ ಕಳಿಸಬೇಕೋ ಎಂದು ಅಂಕ ಹಾಕಿ ತೀರ್ಮಾನಿಸುವ ಅಂಕಪಟ್ಟಿಯನ್ನೇ ತಿದ್ದಿತು. ‘ಒಳ್ಳೆಯ ಕುಟುಂಬ’ ಇದೆಯಾ ಅನ್ನುವ ಪ್ರಶ್ನೆ ಹೋಯಿತು. ಕೋರ್ಟಿಗೆ ಕರೆತರುವ ಹೊಣೆ ಹೊರಲು ದೊಡ್ಡವರು ಯಾರಾದರೂ ಇದ್ದಾರಾ ಅನ್ನುವುದು ಬಂತು. ಅಜ್ಜಿಯೂ ಆಗಬಹುದು, ಅಲ್ವಾ? ಒಳಗಿಡುವುದರಲ್ಲಿ ಕಪ್ಪು, ಬಿಳಿ ಮಕ್ಕಳ ನಡುವಿದ್ದ ಅಂತರ ತುಂಬಾ ತಗ್ಗಿತು.

ಫಿಲಡೆಲ್ಫಿಯಾ ನಗರ 2014ರಲ್ಲಿ ಬಂಧನವನ್ನು ಶಾಲೆಯಲ್ಲೇ ತಡೆಯಿತು. ಮೊದಲ ಸಲ ಸಣ್ಣ ತಪ್ಪು ಮಾಡಿದ ಮಗುವಿಗೆ ಕೈಕೋಳವಿಲ್ಲ, ಸಮಾಜ ಕಾರ್ಯಕರ್ತರು ಮನೆಗೇ ಹೋಗುತ್ತಾರೆ. ಒಂದೇ ವರ್ಷದಲ್ಲಿ ಶಾಲಾ ಬಂಧನಗಳು ಅರ್ಧಕ್ಕಿಂತ ಕೆಳಗಿಳಿದವು.

ಶಾಲೆಯಿಂದಲೇ ಹೆಚ್ಚು ಮಕ್ಕಳು ಪೊಲೀಸರ ಕೈಗೆ ಹೋಗುತ್ತಿದ್ದರೆ ಎರಡನೆಯದನ್ನೇ ಆರಿಸಿ. ಕೈಕೋಳ ಬಿದ್ದ ಮೇಲೆ ಅಂಕಪಟ್ಟಿ ಆ ಭಯವನ್ನು ಅಳಿಸಲಾರದು.