ಬಾಂದ್ರಾದ ರಾಮೆನ್ ಹೋಟೆಲು: ಚಿಕನ್ ಪೈತಾನ್‌ಗೆ ಹೋಗಿ, ಪಾರ್ಸೆಲ್ ಮಾತ್ರ ಬೇಡ

ಈ ಜಪಾನಿ ಹೋಟೆಲಿನಲ್ಲಿ ಸುಶಿ ಇದೆ, ಗ್ಯೋಜಾ ಇದೆ, ಕತ್ಸು ಕರಿಯೂ ಇದೆ. ಅವೆಲ್ಲ ಮುಂಬಯಿಯಲ್ಲಿ ಬೇರೆ ಕಡೆಯೂ ಸಿಗುತ್ತವೆ. ಬಾಂದ್ರಾ ಪಶ್ಚಿಮದ ತನಕ ಬಂದದ್ದು ಸಾರ್ಥಕ ಅನ್ನಿಸುವುದು ಇಲ್ಲಿನ ಚಿಕನ್ ಪೈತಾನ್ ರಾಮೆನ್‌ನಿಂದ, ಅಂದರೆ ಹಾಲುಬಿಳಿ ಕೋಳಿ ಸೂಪಿನಲ್ಲಿ ಬರುವ ನೂಡಲ್ಸ್‌ನಿಂದ. ಅದನ್ನು ಅಡುಗೆಮನೆಗೆ ಮುಖ ಮಾಡಿರುವ ಕೌಂಟರಿನಲ್ಲೇ ಕೂತು ತಿನ್ನಿ. ಹಿಂದಿನ ಮೇಜುಗಳಿಗೆ ಬಟ್ಟಲು ಬರುವಷ್ಟರಲ್ಲಿ ಒಂದೆರಡು ನಿಮಿಷ ಕಳೆದಿರುತ್ತದೆ, ತೆಳು ನೂಡಲ್ಸ್‌ಗೆ ಅಷ್ಟು ಹೊತ್ತು ಸಾಕು ಮೆತ್ತಗಾಗಲು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕಾವಲಿಯಿಂದ ಎದ್ದ ದೋಸೆಯನ್ನು ಮೇಜಿಗೆ ಮುಟ್ಟಿಸಲು ಎಷ್ಟು ಅವಸರ ಪಡುತ್ತಾರೋ ಅಷ್ಟೇ ಅವಸರ ರಾಮೆನ್‌ಗೂ ಬೇಕು.

ಕೌಂಟರಿನಲ್ಲಿ ಕೂತರೆ ಇನ್ನೊಂದು ಲಾಭ: ಕೆಲಸವೆಲ್ಲ ಕಣ್ಣೆದುರೇ ನಡೆಯುತ್ತದೆ. ಮೊದಲು ಬಟ್ಟಲಿಗೆ ಕುದಿನೀರು ಹಾಕಿ ಬಿಸಿ ಮಾಡಿ ಚೆಲ್ಲುತ್ತಾರೆ. ಆಮೇಲೆ ತಳಕ್ಕೆ ತಾರೆ, ಅಂದರೆ ಉಪ್ಪು-ಖಾರ-ಘಮವನ್ನೆಲ್ಲ ಹಿಡಿದಿಟ್ಟ ಸೋಯಾದ ಗಟ್ಟಿ ರಸ, ಒಂದು ಸಣ್ಣ ಸೌಟು. ಅದರ ಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಆಮೇಲೆ ಕುದಿಯುವ ಸೂಪು. ಸಾಮಾನ್ಯವಾಗಿ 300 ಮಿಲಿ ಸೂಪಿಗೆ 30 ಮಿಲಿ ತಾರೆ ಹಿಡಿಯುತ್ತದೆ. ದೊಡ್ಡ ಪಾತ್ರೆಯ ಸೂಪಿನಲ್ಲಿ ಉಪ್ಪು ಇರುವುದಿಲ್ಲ, ಉಪ್ಪೆಲ್ಲ ತಾರೆಯದ್ದೇ. ಹಾಗಾಗಿ ಉಪ್ಪು ಕಡಿಮೆ ಬೇಕಾದವರು ಆರ್ಡರ್ ಕೊಡುವಾಗಲೇ ಹೇಳಬೇಕು. ಬಟ್ಟಲು ಬಂದ ಮೇಲೆ ಹೇಳಿದರೆ ಸೂಪು ಸೇರಿಸಿ ತೆಳ್ಳಗೆ ಮಾಡುವುದಷ್ಟೇ ಉಳಿಯುತ್ತದೆ. ಇಲ್ಲಿನ ತಾರೆ ನಮ್ಮ ನಾಲಿಗೆಗೆ ತುಸು ಜೋರು. ತಿನ್ನುವ ಮುಂಚೆ ತಳದಿಂದ ಒಮ್ಮೆ ಕಲಸಿಕೊಳ್ಳಿ, ಇಲ್ಲವಾದರೆ ಕೊನೆಯ ನಾಲ್ಕು ಚಮಚ ಬರೀ ಉಪ್ಪು.

ಸೂಪಿನ ವಿಚಾರದಲ್ಲಿ ಎರಡು ಮಾತಿಲ್ಲ, ಉತ್ತಮ. ಕೋಳಿಯ ಮೂಳೆ ಮತ್ತು ಪಾದಗಳನ್ನು ಗಂಟೆಗಟ್ಟಲೆ ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಬೇಕು. ಪಾದದ ಚರ್ಮದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್ ಕರಗಿ ಜೆಲಟಿನ್ ಎಂಬ ಅಂಟು ಆಗುತ್ತದೆ, ಕುದಿತದ ರಭಸಕ್ಕೆ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಆ ಹನಿಗಳನ್ನು ಜೆಲಟಿನ್ ಹಿಡಿದಿಡುತ್ತದೆ. ಸೂಪು ಹಾಲುಬಿಳಿ ಆಗುವುದು ಹೀಗೆ. ಅದೇ ಮೂಳೆಗಳನ್ನು ಕುದಿ ಬಾರದಂತೆ ಸಣ್ಣ ಉರಿಯಲ್ಲಿಟ್ಟರೆ ತಿಳಿಯಾದ ಚಿಂತಾನ್ ಸೂಪು ಸಿಗುತ್ತದೆ. ಕೆಲವು ಕಡೆ ಸಮಯ ಉಳಿಸಲು ತಿಳಿ ಸೂಪಿಗೆ ಹಾಲೋ ಕ್ರೀಮೋ ಬೆರೆಸಿ ಬೆಳ್ಳಗೆ ಮಾಡಿ ಕೊಡುತ್ತಾರೆ. ತುಟಿಗೆ ತುಟಿ ಅಂಟುತ್ತದೆಯೇ ನೋಡಿ: ಜೆಲಟಿನ್ ಇದ್ದರೆ ಎರಡು ಗುಟುಕಿಗೇ ಅಂಟುತ್ತದೆ, ಕ್ರೀಮಿನಲ್ಲಿ ಅಂಟುವುದಿಲ್ಲ. ಇಲ್ಲಿ ಚೆನ್ನಾಗಿ ಅಂಟುತ್ತದೆ. ಸ್ವಲ್ಪ ಆರಿದರೆ ಮೇಲೆ ತೆಳ್ಳನೆ ಕೆನೆ ಕಟ್ಟುವುದೂ ಅಸಲಿ ಪೈತಾನ್‌ನ ಗುರುತೇ.

ನೂಡಲ್ಸ್ ಹಳದಿ ಇದೆ ಎಂದು ಮೊಟ್ಟೆ ಹಾಕಿದ್ದಾರೆ ಅಂದುಕೊಳ್ಳಬೇಕಾಗಿಲ್ಲ. ಗೋಧಿ ಹಿಟ್ಟಿಗೆ ಕನ್ಸುಯಿ ಎಂಬ ಕ್ಷಾರ ಸೇರಿಸುತ್ತಾರೆ. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್, ಹಪ್ಪಳಕ್ಕೆ ಹಾಕುವ ಪಾಪಡ್‌ಖಾರದ ಜಾತಿಯೇ. ಬಣ್ಣ, ಪುಟಿತ, ಆ ವಿಶಿಷ್ಟ ವಾಸನೆ ಎಲ್ಲ ಅದರಿಂದಲೇ ಬರುತ್ತದೆ. ಆದರೂ ಕೆಲವು ತಯಾರಕರು ಮೊಟ್ಟೆ ಸೇರಿಸುವುದುಂಟು, ತಿನ್ನದವರು ಕೇಳಿಕೊಳ್ಳುವುದು ಒಳ್ಳೆಯದು. ಪೈತಾನ್‌ಗೆ ಇಲ್ಲಿ ತೆಳುವಾದ ನೇರ ಎಳೆ ಹಾಕುತ್ತಾರೆ, ಬೇಯಲು ಒಂದು ನಿಮಿಷದ ಮೇಲೆ ಸ್ವಲ್ಪ. ಬುಟ್ಟಿಯನ್ನು ಎತ್ತಿ ನಾಲ್ಕೈದು ಸಲ ಜೋರಾಗಿ ಕೊಡವಿ ನೀರು ಇಳಿಸುವ ಕ್ರಮ ಅಚ್ಚುಕಟ್ಟು. ಈ ನೀರು ಉಳಿದರೆ ಎಷ್ಟು ಒಳ್ಳೆಯ ಸೂಪೂ ಸಪ್ಪೆಯಾಗುತ್ತದೆ. ಬಟ್ಟಲು ಬಂದ ಮೇಲೆ ಫೋಟೋಗೆ ಹೊತ್ತು ಕಳೆಯಬೇಡಿ. ಏಳೆಂಟು ನಿಮಿಷದಲ್ಲಿ ನೂಡಲ್ಸ್ ಮುಗಿಸಬೇಕು, ಸೊರ್ ಎಂದು ಎಳೆದುಕೊಂಡೇ ತಿನ್ನಿ, ಬಿಸಿ ಬಾಯಿ ಸುಡುವುದಿಲ್ಲ.

ಮೇಲೋಗರಗಳಲ್ಲಿ ಏರುಪೇರಿದೆ. ಮೊಟ್ಟೆಯ ಹದ ಸರಿಯಾಗಿದೆ: ಕುದಿನೀರಿನಲ್ಲಿ ಏಳು ನಿಮಿಷದ ಒಳಗೆ ಬೆಂದು, ಐಸ್ ನೀರಿಗೆ ಬಿದ್ದು, ಸೋಯಾ ಮತ್ತು ಮಿರಿನ್ ಎಂಬ ಸಿಹಿ ಅಕ್ಕಿರಸದಲ್ಲಿ ನೆನೆದದ್ದು. ಬಿಳಿಭಾಗ ಕಂದು, ಹಳದಿ ಗಟ್ಟಿ ಜೇನಿನ ಹದ. ಆದರೆ ಅದನ್ನು ಫ್ರಿಜ್‌ನಿಂದ ತೆಗೆದು ನೇರ ಹಾಕುವುದರಿಂದ ನಡುಭಾಗ ತಣ್ಣಗಿರುತ್ತದೆ. ಒಂದು ನಿಮಿಷ ಸೂಪಿನಲ್ಲಿ ಅದುಮಿಡಿ. ಮೆನ್ಮಾ ಹೆಸರಿನಲ್ಲಿ ಬರುವುದು ಡಬ್ಬಿಯ ಬರೀ ಕಣಿಲೆ. ಹುದುಗಿಸಿ ಒಣಗಿಸಿದ ನಿಜವಾದ ಮೆನ್ಮಾದ ಹುಳಿವಾಸನೆ ಅದರಲ್ಲಿಲ್ಲ. ಕರಾವಳಿಯವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಮಿಸೋ, ಅಂದರೆ ಹುದುಗಿಸಿದ ಸೋಯಾ ಪೇಸ್ಟ್, ಹಾಕಿದ ರಾಮೆನ್ ಸಾಧಾರಣ. ಜಪಾನಿನ ಸಪ್ಪೊರೊ ನಗರದ ಪದ್ಧತಿಯಲ್ಲಿ ತರಕಾರಿಯನ್ನು ಬಾಣಲೆಯಲ್ಲಿ ಜೋರು ಉರಿಗೆ ಹುರಿದು ಅದಕ್ಕೇ ಸೂಪು ಸುರಿಯುತ್ತಾರೆ, ಆ ಹುರಿದ ಘಮ ಇಲ್ಲಿ ಇಲ್ಲ.

ಸಸ್ಯಾಹಾರಿಗಳಿಗೆ ಕೊಂಬು ಎಂಬ ಕಡಲಪಾಚಿ, ಒಣ ಶಿಟಾಕೆ ಅಣಬೆ, ಸೋಯಾ ಹಾಲು, ಎಳ್ಳಿನ ಪೇಸ್ಟ್ ಸೇರಿಸಿ ಮಾಡಿದ ರಾಮೆನ್ ಇದೆ. ಕೊಂಬುವಿನ ರುಚಿಗೆ ಗ್ಲುಟಮೇಟ್ ಎಂಬ ಅಂಶ ಕಾರಣ ಎಂದು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಕಂಡುಹಿಡಿದರು. ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಯಂಶ ಇದೆ, ಎರಡೂ ಕೂಡಿದರೆ ರುಚಿ ಹಲವು ಪಟ್ಟು ಏರುತ್ತದೆ. ಆದ್ದರಿಂದ ಮಾಂಸವಿಲ್ಲದ ಸೂಪು ಬಡವಾಗಲೇಬೇಕೆಂದಿಲ್ಲ, ಇಲ್ಲಿಯದು ಬಡವಾಗಿಲ್ಲ. ಜನಜಂಗುಳಿಯ ರಾತ್ರಿ ಮಾತ್ರ ಸೋಯಾ ಹಾಲು ಹೆಚ್ಚು ಕುದ್ದು ಒಡೆದು, ಮೇಲೆ ಸಣ್ಣ ಗರಣೆ ತೇಲುವುದುಂಟು. ಕಂಡರೆ ಬದಲಿಸಲು ಹೇಳಿ. ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಬೇಡಿ. ತಾರೆಯಲ್ಲಿ ಕತ್ಸುವೊಬುಶಿ, ಅಂದರೆ ಒಣಮೀನಿನ ಚೂರು, ಇದೆಯೇ? ನೂಡಲ್ಸ್ ಬೇಯಿಸುವ ನೀರಿನಲ್ಲಿ ಬೇರೆ ಏನಾದರೂ ಬೇಯುತ್ತದೆಯೇ? ಎರಡನ್ನೂ ಕೇಳಿ. ಕೇಳಿದರೆ ಇಲ್ಲಿ ಪ್ರತ್ಯೇಕ ಪಾತ್ರೆಯಲ್ಲಿ ಬೇಯಿಸಿ ಕೊಡುತ್ತಾರೆ, ಐದು ನಿಮಿಷ ತಡವಾಗುತ್ತದೆ ಅಷ್ಟೇ. ಮಿರಿನ್‌ನಲ್ಲಿ ಮದ್ಯಾಂಶ ಇರುವುದೂ ಗೊತ್ತಿರಲಿ.

ಪಾರ್ಸೆಲ್ ಬೇಡ. ಸೂಪು, ನೂಡಲ್ಸ್ ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಿಕೊಟ್ಟರೂ ಪಿಷ್ಟ ಆರಿ ಎಳೆಗಳು ಮುದ್ದೆಗಟ್ಟುತ್ತವೆ. ತರಿಸಲೇಬೇಕಾದರೆ ಸೂಪನ್ನು ಮೊದಲು ಚೆನ್ನಾಗಿ ಕುದಿಸಿ, ನೂಡಲ್ಸನ್ನು ಕುದಿನೀರಿನಲ್ಲಿ 20 ಸೆಕೆಂಡು ಮಾತ್ರ ಅದ್ದಿ ಬಿಡಿಸಿ, ಬಸಿದು ಹಾಕಿ.

ಪೈತಾನ್ ಬಟ್ಟಲಿಗೆ 750 ರೂಪಾಯಿ, ಮೇಲೆ ಶೇ. 5 ಜಿಎಸ್‌ಟಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಎನ್ನಬಹುದು. ಗ್ರಾಹಕ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಹೆಚ್ಚುವರಿ ನೂಡಲ್ಸ್ ಬೇಕಿದ್ದರೆ ಅರ್ಧ ಸೂಪು ಉಳಿದಿರುವಾಗಲೇ ಹೇಳಿ. ಶನಿವಾರ, ಭಾನುವಾರ ರಾತ್ರಿ ಒಂಬತ್ತರ ನಂತರ ಪೈತಾನ್ ಖಾಲಿಯಾಗುವುದು ಮಾಮೂಲು, ಇನ್ನೊಂದು ಪಾತ್ರೆ ಆ ರಾತ್ರಿ ಏಳುವುದಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.