450 ರೂಪಾಯಿಯ ಕಾಲರ್ ಮೈಕ್: ಸೆರಗಿಗೆ ಆಗಲ್ಲ, ಸ್ವೆಟರಿಗೆ ಸೈ

ಅಮ್ಮ ಕಡುಬು ಮಾಡುವುದನ್ನು ಎರಡು ನಿಮಿಷದ ವಿಡಿಯೊ ಮಾಡೋಣ ಅಂತ ಹಾಸನದ ಒಂದು ಮೊಬೈಲ್ ಅಂಗಡಿಯಲ್ಲಿ ಈ ಮೈಕ್ ತಂದೆ. ಇದರ ಪಿನ್ 3.5 ಎಂಎಂ, ನನ್ನ ಫೋನಿನಲ್ಲಿ ಟೈಪ್-ಸಿ ಮಾತ್ರ. ಕನ್ವರ್ಟರ್‌ಗೆ ಮತ್ತೆ 180! ಮೊದಲೇ ಹೇಳಬಹುದಿತ್ತು ಅಲ್ವಾ?

ಸೆರಗಿಗೆ ಸಿಕ್ಕಿಸಿದರೆ ಬರೀ ಸರಸರ ಸದ್ದು. ಸ್ವೆಟರಿಗೆ, ಗಲ್ಲದಿಂದ ಒಂದು ಗೇಣು ಕೆಳಗೆ ಹಾಕಿದ ಮೇಲೆ ದನಿ ಚೆನ್ನಾಗಿ ಬಂತು. ಆದರೆ ಸಕಲೇಶಪುರದ ನಮ್ಮ ಮನೆಗೆ ಶೀಟಿನ ಮಾಡು. ಜುಲೈ ಮಳೆಯ ಮುಂದೆ ಮೈಕ್ ಏನು ಮಾಡೀತು? ಸುಮ್ನೆ ಕಾದು ಕೂತೆವು, ಹಿಟ್ಟು ಆರಿತು. ಟ್ಯೂಬ್‌ಲೈಟಿಂದ ಪಟ್ಟೆ ಪಟ್ಟೆ ಕಂಡದ್ದು ಮೈಕಿನ ತಪ್ಪಲ್ಲ ಬಿಡಿ. ನಮ್ಮ ಕರೆಂಟು 50 ಹರ್ಟ್ಜ್, ಅಂದ್ರೆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ; ಫೋನ್ ಕ್ಯಾಮೆರಾದ ಶಟರ್ 1/100 ಸೆಕೆಂಡಿಗೆ ಇಟ್ಟಾಗ ಪಟ್ಟೆ ಹೋಯಿತು.

ವೈರ್ ಒಂದೂವರೆ ಮೀಟರ್ ಅಷ್ಟೆ. ಅಮ್ಮ ಒಲೆ ಕಡೆ ತಿರುಗಿದರು, ಫೋನೂ ಜೊತೆಗೆ ಹೊರಟಿತು. ಮೂರು ಸ್ಟಾರ್.